ಪಂಕ್ತಿಯಲ್ಲಿ ಆಡಿದ ಮಾತು

ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್
೧೪ ಜುಲೈ ೨೦೨೪

ಪ್ರೀತಿಯ ರತ್ನಕ್ಕನಿಗೆ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ನಮಸ್ಕರಿಸಿದ್ದೇನೆ. ಉತ್ತರ ಇಷ್ಟು ತಡವಾಯಿತೆಂದು ಬೈಯಬೇಡ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲ, ಪಕ್ಕದಲ್ಲಿ ಕೂತ ನಮ್ಮ ತಮ್ಮ ವಾಮನನಿಗೆ ಮಾತ್ರ ಎಲ್ಲ ಕೇಳಿಸುತ್ತದೆ. ಇದು ಕೂಗಿ ಹೇಳುವ ವಿಷಯವಲ್ಲ. ಬರೆಯೋಣವೆಂದರೆ ಸುದ್ದಿ ಒಂದು ದಡ ಮುಟ್ಟಲಿ ಎಂದು ಕಾಯುತ್ತಾ ಕೂತೆ. ನಿನ್ನ ಮಂಡಿನೋವು ಈಗ ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಡಬೇಡ.

ನನ್ನ ಸೊಸೆಯ ವಿಷಯ ಕೇಳಿದ್ದೆಯಲ್ಲ, ಹೇಳುತ್ತೇನೆ. ಅತ್ತೆಯಾದವಳು ಸೊಸೆಯನ್ನು ಇಷ್ಟು ಹೊಗಳುವುದುಂಟೇ ಎಂದು ನಗಬೇಡ.

ಸಂತೋಷ್ ಮತ್ತು ಮೇದಿನಿಯ ಮದುವೆಯಾಗಿ ಆರನೆಯ ವರ್ಷ ನಡೆಯುತ್ತಿದೆ. ಇಲ್ಲಿ ಮೊದಲು ತೋರಿಸಿದ ಡಾಕ್ಟರು ಮೇದಿನಿಯನ್ನು ಮಾತ್ರ ಪರೀಕ್ಷೆ ಮಾಡಿದರು. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಮಾತ್ರೆ, ಮತ್ತೆ ಸ್ಕ್ಯಾನಿಂಗ್. ಅದನ್ನೆಲ್ಲ ಬೆಳಿಗ್ಗೆ ಮುಗಿಸಿಕೊಂಡು ಅವಳು ನರೋಡಾದ ಪೇಂಟ್ ಫ್ಯಾಕ್ಟರಿಯ ಲ್ಯಾಬಿಗೆ ಕೆಲಸಕ್ಕೆ ಓಡುತ್ತಿದ್ದಳು. ಕಳೆದ ದೀಪಾವಳಿಯ ನಂತರ ತಾನೇ ವಿಚಾರಿಸಿ ವಡೋದರಾದಲ್ಲಿ ಡಾಕ್ಟರ್ ನಿಕಿತಾ ಎಂಬ ತಜ್ಞೆಯನ್ನು ಹುಡುಕಿದಳು. ಆಕೆ ಫೈಲೆಲ್ಲ ತಿರುವಿ ನೋಡಿ, "ಎಲ್ಲ ಸರಿ, ನಿಮ್ಮ ಗಂಡನ ರಿಪೋರ್ಟ್ ಎಲ್ಲಿ?" ಎಂದರಂತೆ. ಇರಲಿಲ್ಲ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿಯೇ ಇರಲಿಲ್ಲ.

ಮಾಡಿಸಿ ನೋಡಿದರೆ ತೊಂದರೆ ಇದ್ದದ್ದು ಸಂತೋಷ್‌ನಲ್ಲಿ. ವೀರ್ಯಾಣುಗಳು ಹೊರಬರುವ ದಾರಿಯೇ ಮುಚ್ಚಿದೆ, ಸಣ್ಣ ಆಪರೇಷನ್ ಮಾಡಿ ಒಳಗಿನಿಂದ ತೆಗೆಯಬಹುದು ಎಂದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಯಾರಿಗೂ ಹೇಳಬೇಡವೆಂದು ಅವನು ಮೇದಿನಿಯನ್ನು ಬೇಡಿಕೊಂಡಿದ್ದನಂತೆ. ಅವಳು ನನಗೂ ಹೇಳಲಿಲ್ಲ, ತನ್ನ ತಾಯಿಗೂ ಹೇಳಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಹರಕೆ, ಒಂದೊಂದು ಕಷಾಯ ಹೇಳುತ್ತಿದ್ದರು. ಪಕ್ಕದ ಮನೆಯ ಪ್ರತೀಕ್ಷಾ ಅವಳಿಗಾಗಿಯೇ ಉಪವಾಸ ಮಾಡಿ ಪ್ರಸಾದ ತಂದುಕೊಟ್ಟಳು. ಮೇದಿನಿ ಎರಡೂ ಕೈಯೊಡ್ಡಿ ಅದನ್ನು ತೆಗೆದುಕೊಂಡಳು. ಗಂಡನ ಗುಟ್ಟು ಕಾಯುತ್ತಾ ಇವಳು ಎಲ್ಲರ ಮರುಕವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಳು ಅಕ್ಕ.

ಯುಗಾದಿಯ ವಾರ ಇಲ್ಲಿಯ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದೆವು. ಸಂತೋಷ್ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದ. ರೈಲ್ವೆಯಲ್ಲಿದ್ದು ನಿವೃತ್ತರಾದ ಪಟ್ಟಾಭಿರಾಮ ಎಂಬ ಹಿರಿಯರು ಹೋಳಿಗೆ ಮುರಿಯುತ್ತಾ, "ಹೆಂಡತಿ ಕೆಲಸ ಬಿಡಿಸಯ್ಯ ಸಂತೋಷ್. ದಿನಾ ಆ ನರೋಡಾದ ಕೆಮಿಕಲ್ ಗಾಳಿ ಕುಡಿದ್ರೆ ಹೊಟ್ಟೇಲಿ ಮಗು ಹೇಗಪ್ಪಾ ನಿಲ್ಲುತ್ತೆ?" ಎಂದರು. ಕೆಟ್ಟ ಮನುಷ್ಯರಲ್ಲ, ಬಾಯಿ ಮಾತ್ರ ದೊಡ್ಡದು. ಮೇದಿನಿ ನನ್ನ ಪಕ್ಕದಲ್ಲೇ ಎಲೆಯ ಮುಂದೆ ಕೂತಿದ್ದಳು. ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದಳು.

ಸಂತೋಷ್ ನೆಟ್ಟಗೆ ನಿಂತುಕೊಂಡ. "ಸರ್, ಮೇದಿನಿಗೆ ಏನೂ ತೊಂದರೆ ಇಲ್ಲ. ತೊಂದರೆ ಇರೋದು ನನಗೆ. ಡಾಕ್ಟ್ರು ಹೇಳಿದಾರೆ, ಟ್ರೀಟ್‌ಮೆಂಟ್ ತಗೋತೀನಿ" ಎಂದ. ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ಅವನನ್ನು ನೋಡಿತು. ಅವನ ಕಿವಿಗಳು ಕೆಂಪಾಗಿದ್ದವು. ಆಮೇಲೆ ಬಗ್ಗಿ, "ಇನ್ನೊಂದ್ ಸ್ವಲ್ಪ ತುಪ್ಪ ಹಾಕ್ಲಾ ಸರ್?" ಎಂದು ಕೇಳಿದ.

ನನಗೂ ಇದು ಗೊತ್ತಾದದ್ದು ಆಗಲೇ, ಒಂದು ಕ್ಷಣ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮಗನನ್ನು ಹೆತ್ತವಳು ನಾನು ಎಂದು ಅಷ್ಟು ಜನರ ನಡುವೆ ಎದ್ದು ನಿಂತು ಹೇಳಬೇಕೆನಿಸಿತು.

ಹೊರಡುವಾಗ, ಚಪ್ಪಲಿ ಬಿಟ್ಟ ಕಡೆ ನಿತೇಶ್ ಎಂಬ ಬ್ಯಾಂಕಿನ ಹುಡುಗ ಬಂದು ಮೆಲ್ಲಗೆ, "ಸರ್, ಆ ಡಾಕ್ಟರ ನಂಬರ್ ಕೊಡ್ತೀರಾ?" ಎಂದ. ಯಾರಿಗೆಂದು ಸಂತೋಷ್ ಕೇಳಲಿಲ್ಲ, ಕೊಟ್ಟ.

ಕಾರಿನಲ್ಲಿ ಮೇದಿನಿ ಸಿಟ್ಟಿನಿಂದ, "ಯಾಕೆ ಹೇಳಿದೆ? ಹೇಳು ಅಂತ ನಾನು ಕೇಳಿದ್ನಾ?" ಎಂದಳು.

"ಒಂದು ದಿನವೂ ಕೇಳ್ಲಿಲ್ಲ. ಅದಕ್ಕೇ ಹೇಳ್ದೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಮನೆ ಬರುವವರೆಗೂ ಅತ್ತಳು. ನಾನು ಹಿಂದಿನ ಸೀಟಿನಿಂದ ಅವಳ ಭುಜದ ಮೇಲೆ ಕೈಯಿಟ್ಟೆ.

ಆಮೇಲೆ ಮುಚ್ಚುಮರೆ ಇರಲಿಲ್ಲ. ಅವನ ಆಪರೇಷನ್ ಆಯಿತು. ಅವಳ ಹೊಟ್ಟೆಗೆ ದಿನಾ ಸಂಜೆ ಚುಚ್ಚುವ ಇಂಜೆಕ್ಷನ್ ಅನ್ನು ಸಂತೋಷ್ ತಾನೇ ಕೊಡಲು ಕಲಿತ. ಮೊದಲ ದಿನ ಸೂಜಿ ಹಿಡಿದು ಕಣ್ಣು ಮುಚ್ಚಿಕೊಂಡುಬಿಟ್ಟ. "ಚುಚ್ಚಿಸ್ಕೊಳ್ಳೋಳು ನಾನು, ನೀನು ಕಣ್ಣು ಬಿಡು ಮಾರಾಯ" ಎಂದು ಅವಳು ನಕ್ಕಳು. ವಡೋದರಾಕ್ಕೆ ಹೋಗಿಬರುವ ದಿನಗಳಲ್ಲಿ ನಾನು ಚಿತ್ರಾನ್ನ ಕಟ್ಟಿಕೊಡುತ್ತಿದ್ದೆ. ಇಬ್ಬರೂ ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ ಕಾಣುತ್ತಿದ್ದರು.

ಜೂನ್‌ನಲ್ಲಿ, ಆಸ್ಪತ್ರೆಯಲ್ಲೇ ಕೂಡಿಸಿ ಬೆಳೆಸಿದ ಭ್ರೂಣವನ್ನು ಗರ್ಭದಲ್ಲಿಟ್ಟರು. ನಿಲ್ಲಲಿಲ್ಲ ಅಕ್ಕ. ಆಸ್ಪತ್ರೆಯಿಂದ ಬಂದ ಫೋನ್ ಇಟ್ಟ ಮೇಲೆ ಮೇದಿನಿ ಅಡುಗೆಮನೆಗೆ ಬಂದು, "ಅತ್ತೆ, ಇವತ್ತು ನನ್ನ ಕೈಲಿ ಏನೂ ಆಗಲ್ಲ" ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನೆಲದ ಮೇಲೆಯೇ ಕೂರಿಸಿಕೊಂಡು ತಲೆ ನೇವರಿಸಿದೆ. ಸಂತೋಷ್ ಬಂದು ಪಕ್ಕದಲ್ಲಿ ಕೂತ. ಕುಕ್ಕರ್ ಕೂಗುತ್ತಿತ್ತು, ಯಾರೂ ಏಳಲಿಲ್ಲ.

ಇನ್ನೂ ಕೆಲವು ಭ್ರೂಣಗಳನ್ನು ಆಸ್ಪತ್ರೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಶ್ರಾವಣದಲ್ಲಿ ಮತ್ತೆ ಹೋಗುತ್ತಾರೆ. "ಆಗಲೂ ಆಗದಿದ್ದರೆ?" ಎಂದು ತಡೆಯಲಾರದೆ ಕೇಳಿದೆ. "ದತ್ತು ತಗೋತೀವಿ ಅತ್ತೆ. ಅದೂ ಆಗ್ಲಿಲ್ಲ ಅಂದ್ರೆ ನಾವಿಬ್ರೂ ಇದೀವಲ್ಲ" ಎಂದು ಟಿಫಿನ್ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದಳು. ಈ ವಯಸ್ಸಿನಲ್ಲಿ ಇವರಿಬ್ಬರಿಂದ ನಾನು ಕಲಿಯುತ್ತಿದ್ದೇನೆ.

ನೀನು ಮನಸ್ಸು ತುಂಬಿ ಹರಸು. ಮಗುವಾಗಲಿ ಎಂದು ಮಾತ್ರವಲ್ಲ, ಇವರು ಹೀಗೆಯೇ ಇರಲಿ ಎಂದೂ ಹರಸು. ನಿನ್ನನ್ನು ದೇವರು ನೋವಿಲ್ಲದೆ ನಡೆಸಲಿ.

ನಿನ್ನ ತಂಗಿ,
ಇಂದಿರಾ

ಮತ್ತೆ: ಇದನ್ನು ವಾಮನನಿಂದ ಓದಿಸಿಕೊಳ್ಳಬೇಡ, ನೀನೇ ಕನ್ನಡಕ ಹಾಕಿಕೊಂಡು ಓದು. ಮೊನ್ನೆ ಆಲ್ಬಮಿನಲ್ಲಿ ನಿನ್ನ ಮದುವೆಯ ಫೋಟೋ ನೋಡುತ್ತಾ ಮೇದಿನಿ, "ಮಕ್ಕಳಾಗ್ಲಿಲ್ಲ ಅಂತಾನೇ ದೊಡ್ಡಮ್ಮನ್ನ ತವರಿಗೆ ಕಳಿಸಿದ್ರಾ ಅತ್ತೆ?" ಎಂದಳು. ಹೌದೆಂದೆ. ಭಾವ ಇನ್ನೊಂದು ಮದುವೆಯಾದರೆಂದೂ ಹೇಳಿದೆ. "ಆಮೇಲೆ ಅವರಿಗೆ ಮಕ್ಕಳಾದ್ವಾ?" ಎಂದಳು. ಇಲ್ಲವೆಂದೆ. ಅವಳು ಫೋಟೋದಲ್ಲಿ ನಿನ್ನ ಮುಖದ ಮೇಲೆ ಬೆರಳಾಡಿಸಿದಳು. "ಅಷ್ಟೆಲ್ಲ ಗೊತ್ತಾದ ಮೇಲೂ ಆ ಮನೆಯಿಂದ ಯಾರೂ ಬಂದು ದೊಡ್ಡಮ್ಮನಿಗೆ ಒಂದು ಮಾತು ಹೇಳ್ಲಿಲ್ವಾ?" ಎಂದಳು.

ಭಾವ ಸಾಯುವವರೆಗೂ ಯಾರೂ ಹೇಳಲಿಲ್ಲ. ಅದಕ್ಕೆ ನಾನು ಹೇಳುತ್ತಿದ್ದೇನೆ. ತಪ್ಪು ನಿನ್ನದಾಗಿರಲಿಲ್ಲ ಅಕ್ಕ.