ಮಳೆಗೆ ಮುಂಚೆ ನನ್ನ ಅಜ್ಜಿಯನ್ನು ದೋಣಿಯಿಂದ ಇಳಿಸಿ

ಹಿನ್ನೀರಿನ ವನ್ಯಧಾಮವನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ಈ ಮೇ ತಿಂಗಳಲ್ಲಿ ನನ್ನ ಅಜ್ಜಿ ನಿಮ್ಮ ಸಫಾರಿ ದೋಣಿಯಲ್ಲಿ ಕುಳಿತು ತನ್ನ ಮಗಳ ಗೋರಿಯನ್ನು ನೋಡಿದಳು. ಕಲ್ಲೆಸೆದರೆ ಬೀಳುವಷ್ಟು ಹತ್ತಿರ. ಇಳಿದು ಮುಟ್ಟಲು ನಿಮ್ಮ ನಿಯಮ ಬಿಡಲಿಲ್ಲ. ವಯನಾಡಿನಲ್ಲಿ ಮಳೆ ಹಿಡಿದರೆ ಆ ಗೋರಿ ಮತ್ತೆ ನೀರಿನೊಳಗೆ ಹೋಗುತ್ತದೆ, ಮುಂದಿನ ಬೇಸಿಗೆಯವರೆಗೆ ಯಾರಿಗೂ ಸಿಗುವುದಿಲ್ಲ. ಮುಂದಿನ ಬೇಸಿಗೆ ಅಜ್ಜಿಗೆ ಸಿಗುತ್ತದೋ ಇಲ್ಲವೋ, ಮೈಸೂರಿನ ಹೃದಯದ ಡಾಕ್ಟರು ಬಾಯಿಬಿಟ್ಟು ಹೇಳುತ್ತಿಲ್ಲ. ಖಾಸಗಿಯಾಗಿ ನಿಮಗೆ ಇಮೇಲ್ ಬರೆದೆ. "ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು" ಎಂಬ, ಯಾರೂ ಕೂತು ಬರೆಯದ ಉತ್ತರ ಬಂತು. ಗೋರಿ ಅನಿಸಿಕೆಯಲ್ಲ ಸಾರ್. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಹುಣಸೂರಿನವಳು, ಬಿ.ಎಸ್ಸಿ. ಮೊದಲ ವರ್ಷ. ಆರನೇ ತರಗತಿಯಿಂದ ಪಿರಿಯಾಪಟ್ಟಣದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದೆ, ಹಾಗಾಗಿ ನನ್ನ ಕನ್ನಡ ಅರ್ಧ ಬೆಂದದ್ದು. ನಿಯಮಪಾಲನೆಯನ್ನು ಮಾತ್ರ ಪೂರ್ತಿ ಬೇಯಿಸಿಯೇ ಕಳಿಸಿದ್ದಾರೆ. ಗಂಟೆ ಹೊಡೆಯುವ ಮೊದಲೇ ಏಳುವವಳು ನಾನು. ಕಾಲೇಜಿನ ಇಕೋ ಕ್ಲಬ್ಬಿನಲ್ಲಿ "ರೆಸ್ಪಾನ್ಸಿಬಲ್ ಟೂರಿಸಂ" ಎಂಬ ಪೋಸ್ಟರನ್ನು ನಾನೇ ಬರೆದು ಅಂಟಿಸಿದ್ದೇನೆ. ಕಾಡಿಗೆ ಹೋಗಿ ಕೂಗಾಡುವವರನ್ನು, ಚಿಪ್ಸಿನ ಪೊಟ್ಟಣ ಎಸೆಯುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಅಂದರೆ, ನಾನು ನಿಮ್ಮ ಪಕ್ಷದವಳೇ.

ಅಜ್ಜಿಯ ಹೆಸರು ಮುನ್ನೀಬಿ. ಅಣೆಕಟ್ಟಿಗೆ ಮುಳುಗಿದ ಊರುಗಳಲ್ಲಿ ಅವಳ ಗಂಡನ ಊರೂ ಒಂದು. ಅಲ್ಲಿ ನಮ್ಮವರ ನಾಲ್ಕಾರು ಮನೆಗಳಿದ್ದವಂತೆ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಉರ್ದು ಆಡಿದರೂ ಅವಳ ಬಾಯಿಗೆ ಬರುವುದು ಆ ಊರಿನ ಕನ್ನಡವೇ. ಊರು ಬಿಡುವ ಹಿಂದಿನ ವರ್ಷ ಅವಳ ಮೊದಲ ಮಗು ನಿಶತ್ ಜ್ವರ ಬಂದು ತೀರಿಕೊಂಡಿತು. ಮೂರು ವರ್ಷದ ಹೆಣ್ಣು ಮಗು. ಆಮೇಲೆ ನೀರು ಬಂತು. ಬಾಗಿಲು, ತೊಲೆ, ಹೆಂಚು, ಒರಳುಕಲ್ಲು ಎಲ್ಲವೂ ಗಾಡಿಗೆ ಏರಿದವು, ಗೋರಿ ಏರಲಿಲ್ಲ. ನಿಶತ್ ನನಗೆ ಸೋದರತ್ತೆಯಾಗಬೇಕು. ನನಗಿಂತ ಚಿಕ್ಕವಳಾಗಿಯೇ ಉಳಿದಿದ್ದಾಳೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಕಬರಸ್ತಾನದ ಕಲ್ಲುಗಳು ಮೇಲೇಳುತ್ತವೆ. ಆಗ ಅಜ್ಜಿ ಮನೆಯಿಂದ ಒಂದು ತಂಬಿಗೆ ನೀರು ಒಯ್ದು ಗೋರಿಯ ಮೇಲೆ ತಲೆಯಿಂದ ಪಾದದವರೆಗೆ ಚಿಮುಕಿಸಿ, ಫಾತಿಹಾ ಪ್ರಾರ್ಥನೆ ಹೇಳಿ ಬರುತ್ತಿದ್ದಳು. ಗೋರಿಗೆ ನೀರು ಹಾಕುವುದು ನಮ್ಮಲ್ಲಿ ರೂಢಿ. ವರ್ಷದ ಮುಕ್ಕಾಲು ಭಾಗ ನೀರಿನೊಳಗೇ ಇರುವ ಗೋರಿಗೆ ಮತ್ತೆ ನೀರು ಏಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಅದು ಡ್ಯಾಮ್ ನೀರು ಕಣವ್ವ. ಇದು ಅವ್ವ ಕೊಡೋ ನೀರು" ಎಂದಿದ್ದಳು. ಹೆಂಗಸರು ಕಬರಸ್ತಾನಕ್ಕೆ ಹೋಗಬಾರದು ಎಂದು ನಮ್ಮ ಓಣಿಯ ಹಿರಿಯರು ಎಷ್ಟೋ ಸಲ ಬಂದು ಹೇಳಿದರು. "ಆಯ್ತು, ನೀವೇ ಓಗಿ ನೀರಾಕ್ ಬನ್ನಿ" ಎಂದು ಅಜ್ಜಿ ಅವರ ಬಾಯಿ ಮುಚ್ಚಿಸಿದಳು. ಹಿರಿಯರಿಗೆ ಬಗ್ಗದವಳನ್ನು ಕೊನೆಗೆ ಬಗ್ಗಿಸಿದ್ದು ನೀವು ದಂಡೆಯಲ್ಲಿ ನೆಟ್ಟ ಬೋರ್ಡು. ಮೀನು ಹಿಡಿಯುವ ಕುಳ್ಳಯ್ಯ ತನ್ನ ಹರಗೋಲಿನಲ್ಲಿ ಅವಳನ್ನು ದಾಟಿಸುತ್ತಿದ್ದ. ಆ ದಂಡೆಗೆ ಹರಗೋಲು ನಿಷೇಧವಾಯಿತು. ಉಳಿದ ದಾರಿ ಒಂದೇ: ಪ್ರವಾಸಿಯಾಗುವುದು.

ಆದೆವು. ಆನ್‌ಲೈನಿನಲ್ಲಿ ಟಿಕೆಟ್ ಮಾಡುವಾಗ ಭೇಟಿಯ ಉದ್ದೇಶವನ್ನು ಕೇಳಿತು. ವಿಹಾರ, ಅಧ್ಯಯನ, ಛಾಯಾಗ್ರಹಣ, ಇಷ್ಟೇ ಆಯ್ಕೆ. ಬಹಳ ಹೊತ್ತು ನೋಡಿ "ವಿಹಾರ" ಒತ್ತಿದೆ. ಗಾಢ ಬಣ್ಣ ತೊಡಬಾರದು ಎಂದಿತ್ತು. ಅಜ್ಜಿ ಹೊರಡುವ ಹೊತ್ತಿಗೆ ಗಿಳಿಹಸಿರಿನ ಸೀರೆ ಉಟ್ಟು ನಿಂತಿದ್ದಳು.

"ಅಜ್ಜೀ, ಡಲ್ ಕಲರ್ ಉಟ್ಕೋಬೇಕಂತೆ."

"ಯಾಕೆ, ಆನೆಗೇನ್ ನನ್ ಸೀರೆ ಮ್ಯಾಲ್ ಕಣ್ಣಾ?" ಎಂದು ಬೈದುಕೊಂಡೇ ಮಣ್ಣುಬಣ್ಣದ್ದನ್ನು ಉಟ್ಟಳು. ಪ್ಲಾಸ್ಟಿಕ್ ಬಾಟಲಿ ಕೂಡದು, ಸ್ಟೀಲಿನದು ತಂದೆವು. ಮಲ್ಲಿಗೆ ಬೇಡ, ಊದುಬತ್ತಿ ಬೇಡ. ಗೇಟಿನಲ್ಲಿ ಎಲ್ಲರೊಂದಿಗೆ ಬಲಗೈ ಮುಂದೆ ಚಾಚಿ "ಕಾಡಿನಿಂದ ಏನನ್ನೂ ಒಯ್ಯುವುದಿಲ್ಲ, ಕಾಡಿನಲ್ಲಿ ಏನನ್ನೂ ಬಿಡುವುದಿಲ್ಲ" ಎಂಬ ಪ್ರತಿಜ್ಞೆ ಮಾಡಿದೆವು. ಅಜ್ಜಿ ನನ್ನ ಕಿವಿಯಲ್ಲಿ, "ಬುಟ್ಟೋಗಿರಾದ್ನ ಈಗ ಏನ್ ಮಾಡಾದು?" ಎಂದಳು. ಉತ್ತರ ನಿಮ್ಮಲ್ಲಿದೆಯೇ?

ದೋಣಿ ನಡೆಸುತ್ತ ವಿವರಣೆಯನ್ನೂ ಕೊಡುವ ಹುಡುಗ ಎನ್. ಬೇಗೂರಿನ ಕಡೆಯವನು, ಚೇತನ್‌ಕುಮಾರ್. ನೀರಿನಲ್ಲಿ ನಿಂತ ಒಣಮರಗಳನ್ನು ದಾಟಿ ಅವನು ಒಂದು ದಂಡೆಯ ಬಳಿ ಎಂಜಿನ್ ಆರಿಸಿದ. ದಂಡೆಯಲ್ಲಿ ಆನೆಗಳು ಮೇಯುತ್ತಿದ್ದವು. ಎಲ್ಲರೂ ಫೋನ್ ಎತ್ತಿದರು. ಆನೆಗಳ ಆಚೆಗಲ್ಲ, ಈಚೆಗೆ, ನೀರಿನ ಅಂಚಿನಲ್ಲೇ ಸಾಲುಗಲ್ಲುಗಳು ಕಂಡವು. ಅಜ್ಜಿ ಎದ್ದು ನಿಂತಳು.

"ನಿಶತ್! ಬಂದಿವ್ನಿ ಕಣವ್ವ!"

"ಅಜ್ಜೀ, ಮೆತ್ತಗೆ ಕಣಜ್ಜಿ, ಕೂತ್ಕೊ" ಎಂದ ಚೇತನ್‌ಕುಮಾರ್. "ಸದ್ದಾದ್ರೆ ಆನೆ ತಿರುಗ್ಬುಡ್ತವೆ."

"ತಿರುಗುದ್ರೆ ತಿರುಗ್ಲಿ ಬುಡು. ನಾನ್ ಬಂದಿರಾದು ನನ್ ಮಗೀಗೆ ಗೊತ್ತಾಗ್ಬ್ಯಾಡ್ವಾ?"

ಮುಂದಿನ ಸೀಟಿನ ಹೆಂಗಸು ನನ್ನತ್ತ ತಿರುಗಿ, "ಎಕ್ಸ್‌ಕ್ಯೂಸ್ ಮಿ, ನಿಮ್ಮ ಅಜ್ಜಿಗೆ ಸ್ವಲ್ಪ ಹೇಳ್ತೀರಾ? ವಿಡಿಯೋದಲ್ಲಿ ಅವರ ವಾಯ್ಸ್ ಬರ್ತಿದೆ" ಎಂದರು.

ಅಜ್ಜಿ ದನಿ ಇಳಿಸಿದಳು. "ಮಗಾ, ಒಂದ್ ಗಳಿಗೆ ಇಳಿಸ್ಲಾ. ನೀರಾಕ್ಬುಟ್ಟು ಬಂದ್ಬುಡ್ತೀನಿ."

"ಆಗಕಿಲ್ಲ ಕಣಜ್ಜಿ. ಆನೆ ಅವೆ. ನಿನ್ನ ಇಳಿಸುದ್ರೆ ನನ್ ಕೆಲ್ಸ ಓಯ್ತದೆ."

"ಅಂಗಾರೆ ನೀನೇ ಆಕ್ ಬಾರಪ್ಪ. ನೀನೂ ಒಬ್ಬವ್ವನ ಮಗ ತಾನೇ" ಎಂದು ಬಾಟಲಿ ಚಾಚಿದಳು. ಅವನು ಆ ಕಡೆ ಮುಖ ತಿರುಗಿಸಿದ. ಅಜ್ಜಿ ದೋಣಿಯ ಅಂಚಿಗೆ ಬಗ್ಗಿ ಅಲ್ಲಿಂದಲೇ ಸುರಿಯಲು ಹೋದಾಗ ಅವನೇ ಓಡಿ ಬಂದು ತೋಳು ಹಿಡಿದುಕೊಂಡ. ಬಿದ್ದುಬಿಡುತ್ತಾಳೆಂಬ ಭಯಕ್ಕೆ. ದಯವಿಟ್ಟು ಅವನ ಮೇಲೆ ಕ್ರಮ ಬೇಡ. ಅವನು ಮಾಡಿದ್ದೆಲ್ಲ ಸರಿ. ಆ ದಿನ ದೋಣಿಯಲ್ಲಿ ಎಲ್ಲರೂ ಸರಿಯಾಗಿಯೇ ಇದ್ದರು, ಅದನ್ನೇ ನನಗೆ ತಾಳಲಾಗುತ್ತಿಲ್ಲ. ಆನೆಗಳೂ ಸರಿಯೇ. ಅವು ಅಜ್ಜಿಯ ಕೂಗಿಗೆ ತಲೆ ಕೂಡ ಎತ್ತಲಿಲ್ಲ. ಎಂಜಿನ್ ಶುರು ಮಾಡಿದಾಗ ಎತ್ತಿದವು.

ಆ ನೀರು ವಾಪಸು ಬಂತು. ಎಚ್.ಡಿ. ಕೋಟೆಯಿಂದ ಹುಣಸೂರಿನವರೆಗೆ ಬಸ್ಸಿನಲ್ಲಿ ಅಜ್ಜಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದೀಗ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಕುಡಿಯಲು ಬಿಡುವುದಿಲ್ಲ, ಚೆಲ್ಲಲೂ ಬಿಡುವುದಿಲ್ಲ. ಹಾಸಿಗೆ ಹೊಲಿಯುವ ನನ್ನ ಅಪ್ಪ ನಸೀರ್ ಮೊನ್ನೆ, "ಅಮ್ಮೀ, ಗಿಡಕ್ಕಾದರೂ ಹಾಕೋಣ" ಎಂದರು. ಅಜ್ಜಿ ಅಂದಿನ ಊಟ ಬಿಟ್ಟಳು.

ಸುರಕ್ಷತೆ ಮುಖ್ಯ, ವನ್ಯಜೀವಿ ಮುಖ್ಯ, ಒಬ್ಬರನ್ನು ಇಳಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎನ್ನುತ್ತೀರಿ. ಒಪ್ಪುತ್ತಿದ್ದೆ, ನಿಮ್ಮದೇ ಜಾಹೀರಾತಿನ ಚಿತ್ರ ನೋಡದಿದ್ದರೆ. ಅದೇ ದಂಡೆ, ಹಿಂದೆ ಆನೆ, ಮುಂದೆ ದೊಡ್ಡದಾಗಿ ಕಾಣುವಂತೆ ಅವೇ ಕಲ್ಲುಗಳು. ಕಲ್ಲಿನ ಪಾಚಿಯ ಎಳೆಗಳನ್ನೂ ಎಣಿಸಬಹುದು. ಆ ಕೋನ ದೋಣಿಯಿಂದ ಸಿಗುವುದಿಲ್ಲ ಸಾರ್, ನೆಲದ ಮೇಲೆ ಮಂಡಿಯೂರಿದವರಿಗೆ ಮಾತ್ರ ಸಿಗುತ್ತದೆ. ಅಂದರೆ ಇಳಿಸುವುದು ನಿಮಗೆ ಬರುತ್ತದೆ. ಕ್ಯಾಮೆರಾ ಇದ್ದವರಿಗೆ ದೋಣಿ ದಂಡೆಗೆ ತಾಗುತ್ತದೆ. ಆ ಚಿತ್ರದ ಕೆಳಗೆ ನೀವು ಬರೆಸಿರುವುದು: "ಮನುಷ್ಯರ ಹೆಜ್ಜೆ ಸೋಕದ ನೆಲ." ಹಾಗಾದರೆ ಆ ಕಲ್ಲುಗಳನ್ನು ನೆಟ್ಟವರು ಯಾರು? ಅವುಗಳ ಕೆಳಗೆ ಮಲಗಿರುವ ಮಗು ಯಾರದು? ಇದನ್ನು ಅಜ್ಜಿಗೆ ಓದಿ ಹೇಳಿಲ್ಲ. ಅವಳಿಗೆ ಓದು ಬರದಿರುವುದಕ್ಕೆ ನನಗೆ ಮೊದಲ ಸಲ ಸಮಾಧಾನವಾಯಿತು.

ನನ್ನ ಬೇಡಿಕೆ ಚಿಕ್ಕದು. ಮಳೆ ಹಿಡಿಯುವುದರೊಳಗೆ ಒಂದು ಬೆಳಗ್ಗೆ, ನಿಮ್ಮ ಪ್ರವಾಸಿಗಳು ಬರುವ ಮುಂಚೆ, ಆನೆಗಳಿಲ್ಲದ ಹೊತ್ತು ನೋಡಿ ಅವಳನ್ನು ಇಳಿಸಿ. ಕಾವಲುಗಾರರು ಜೊತೆಗಿರಲಿ. ಏನಾದರೂ ಆದರೆ ನಾವೇ ಹೊಣೆ ಎಂದು ಅಪ್ಪ ಬರೆದುಕೊಡುತ್ತಾರೆ. ಬೇಕಿದ್ದರೆ ನಾನು ದೋಣಿಯಲ್ಲೇ ಕೂತಿರುತ್ತೇನೆ. ಮುಂದಿನ ಬೇಸಿಗೆಯಿಂದ, ಮುಳುಗಿದ ಊರುಗಳಲ್ಲಿ ತಮ್ಮವರನ್ನು ಬಿಟ್ಟುಬಂದ ಎಲ್ಲರಿಗೂ, ಯಾವ ಜಾತಿಯವರಾಗಲಿ, ಇಂಥ ಒಂದು ದಿನವನ್ನು ನೀವೇ ಗೊತ್ತುಮಾಡಿ.

ಆಗುವುದಿಲ್ಲ ಎಂದಾದರೆ ನನಗೆ ಬರೆಯಬೇಡಿ. "ಆಪೀಸ್ನೋರು ಏನಂದ್ರವ್ವ?" ಎಂದು ಅವಳು ದಿನಾ ಕೇಳುತ್ತಾಳೆ, ನನಗೆ ಇಲ್ಲ ಎನ್ನಲು ಬರುತ್ತಿಲ್ಲ. ನೀವೇ ಹುಣಸೂರಿಗೆ ಬಂದು ಅವಳೆದುರು ಕೂತು ಹೇಳಿ. ಕಿವಿ ಸ್ವಲ್ಪ ಮಂದ. ಎರಡು ಮೂರು ಸಲ ಹೇಳಬೇಕಾಗುತ್ತದೆ.

ಇಂತಿ,
ವಿಹಾರಕ್ಕೆಂದು ಬಂದುಹೋದವರ ಪೈಕಿ ಒಬ್ಬಳು,
ಹುಮೇರಾ, ಹುಣಸೂರು