ಮೂರು ಕೈಗಳ ಪಿಯಾನೊ

ಉದಗೀರ
೧೦ ಫೆಬ್ರುವರಿ ೨೦೨೫

ಪ್ರೀತಿಯ ರವಿಕಾಂತಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ನಿಲಂಗಾದ ಅಂಗಡಿಯಲ್ಲಿ ಜೋಳದ ಚೀಲಗಳನ್ನು ಇನ್ನೂ ನೀನೇ ಎತ್ತುತ್ತೀಯಂತೆ. ವೈನಿ ಫೋನಿನಲ್ಲಿ ತಮ್ಮ ಗಂಡನನ್ನು ಬೈಯುತ್ತಿದ್ದರು. ಅವ್ವನ ಸಕ್ಕರೆ ಹತೋಟಿಯಲ್ಲಿದೆ. ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ನಿನ್ನ ಮಗಳು ಬಾಯಿ ಬಿಡುವ ಮೊದಲು, ಅವಳ ಕೈಯಲ್ಲೇ ಕಳಿಸುವ ಈ ಪತ್ರದಲ್ಲಿ ನಾನೇ ಹೇಳಬೇಕು: ಮೊನ್ನೆ ಶನಿವಾರ ಪುಣೆಯಲ್ಲಿ ನಮ್ಮಿಬ್ಬರ ಪಿಯಾನೊ ಕಾರ್ಯಕ್ರಮ ಗೆದ್ದಿತು!

ಯೆಣೆಗೂರಿನ ಹತ್ತಿರ ನಮ್ಮ ಗಾಡಿ ಉರುಳಿ, ನನ್ನ ಎಡಗೈ ಬೆರಳುಗಳು ಮಡಚದಂತಾಗಿ ಏಳು ವರ್ಷವಾಯಿತು. ಊರೂರು ತಿರುಗಿ ಪಿಯಾನೊ ನುಡಿಸುತ್ತಿದ್ದವಳು ಎರಡು ವರ್ಷ ಅದರ ಮುಚ್ಚಳವನ್ನೇ ತೆರೆಯಲಿಲ್ಲ. ಆಮೇಲೆ ಮಕ್ಕಳಿಗೆ ಕಲಿಸತೊಡಗಿದೆ. ಗಾಡಿ ನಡೆಸುತ್ತಿದ್ದ ನೀನು ನನ್ನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟೆ. ಆದರೆ ಮಗಳು ವೈಷ್ಣವಿಯನ್ನು ಮಾತ್ರ ಪ್ರತಿ ರವಿವಾರ ಬಸ್ಸಿಗೆ ಹತ್ತಿಸಿ ನನ್ನ ಬಳಿ ಕಲಿಯಲು ಕಳಿಸಿದೆ.

ಹೋದ ವರ್ಷ ಒಂದು ರವಿವಾರ ನಾನೇ ಕಟ್ಟುತ್ತಿದ್ದ ಹೊಸ ಕೃತಿಯೊಂದನ್ನು ಬಲಗೈಯಲ್ಲಿ ನುಡಿಸುತ್ತಾ, ಎಡಗೈಯ ಭಾಗ ಬಂದಾಗ ನಿಲ್ಲಿಸಿಬಿಟ್ಟೆ. ಈ ಹುಡುಗಿ ಪಕ್ಕಕ್ಕೆ ಸರಿದು ಕೂತು, "ಅತ್ತಿ, ಆ ಕಡೀದು ನಾ ಬಾರಸ್ತೀನಿ. ನೀ ನಿಲ್ಲಸಬ್ಯಾಡ" ಎಂದಳು. ಅಂದೇ ಅದನ್ನು ಮೂರು ಕೈಗಳಿಗೆ ಬರೆಯಲು ಕೂತೆ: ಅವಳವು ಎರಡು, ನನ್ನದೊಂದು.

ಅದನ್ನು ಪುಣೆಯ ಸಂಗೀತ ಕಾರ್ಯಕ್ರಮದ ಆಯೋಜಕರಿಗೆ ಕಳಿಸಿದೆ. ಅವರಿಗೆ ಕೃತಿ ಹಿಡಿಸಿತು, ನಾವು ಹಿಡಿಸಲಿಲ್ಲ. ಹೆಸರಾಂತ ಕಲಾವಿದರು ನುಡಿಸಲಿ ಎಂದರು. ನುಡಿಸಿದರೆ ನಾವಿಬ್ಬರೇ, ಇಲ್ಲವಾದರೆ ಕೃತಿಯನ್ನೂ ಕೊಡುವುದಿಲ್ಲ ಎಂದೆ. ವಾರ ಬಿಟ್ಟು ಒಪ್ಪಿದರು. ವೇದಿಕೆಯ ಮೇಲೆ ವೈಷ್ಣವಿ ನಡುವೆ ಒಂದು ಸಾಲು ತಪ್ಪಿದಳು. ನನ್ನ ಸಾಲನ್ನೇ ಮತ್ತೆ ಮತ್ತೆ ನುಡಿಸುತ್ತಾ ಕಾದೆ. ಮೂರನೆಯ ಸಲಕ್ಕೆ ಬಂದು ಕೂಡಿಕೊಂಡಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಮುಗಿದಾಗ ಇಡೀ ಸಭೆ ಎದ್ದು ನಿಂತು, ಇನ್ನೊಮ್ಮೆ ಎಂದು ಕೂಗಿತು. ಪೂರ್ತಿ ಇನ್ನೊಮ್ಮೆ ನುಡಿಸಿದೆವು! ಅವ್ವ ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸಿಗೆ, "ಬರದಾಕಿ ನನ್ನ ಮಗಳ್ರೀ, ಬಾರಸಾಕಿ ನನ್ನ ಮಮ್ಮಗಳು" ಎಂದು ಕನ್ನಡದಲ್ಲೇ ಹೇಳಿ ಹೇಳಿ ಅಳುತ್ತಿದ್ದಳಂತೆ. ಮೊದಲು ಬೇಡವೆಂದಿದ್ದ ಅದೇ ಆಯೋಜಕರು ಈಗ ನಮ್ಮಿಬ್ಬರನ್ನೂ ಮುಂಬೈಗೆ ಕರೆದಿದ್ದಾರೆ.

ವೈನಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿಮ್ಮನ್ನೆಲ್ಲ ನಗುನಗುತ್ತಾ ಇಟ್ಟಿರಲಿ.

ನಿನ್ನ ತಂಗಿ,
ಯೋಗಿತಾ

ತಾ.ಕ.: ಬಸ್ಸಿನ ಹೊತ್ತಾಯಿತು, ವೈಷ್ಣವಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಅಂದು ಎಮ್ಮೆ ಅಡ್ಡ ಬಂತು ಅಣ್ಣಾ, ನಿನ್ನ ತಪ್ಪೇನೂ ಇರಲಿಲ್ಲ. ನನಗದು ಆಗಲೇ ಗೊತ್ತಿತ್ತು. ಸಿಟ್ಟಿನಲ್ಲಿ ಹೇಳಲಿಲ್ಲ, ಆಮೇಲೆ ನಾಚಿಕೆಯಲ್ಲಿ ಹೇಳಲಿಲ್ಲ. ಬರುವ ರವಿವಾರ ಅವಳೊಂದಿಗೆ ನೀನೂ ಬಾ. ನಿನ್ನೆದುರು ನುಡಿಸದೆ ನಾವು ಮುಂಬೈಗೆ ಹೋಗುವುದಿಲ್ಲ.