ಪಾಪುವಿನ ಹಾಲು, ಮಾಮನ ಅರಬಿ

ಇದಿನಬ್ಬಾ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಪಾಪು ಮಲಗಿದ್ದಾನೆ, ಭಾವ ಹತ್ತಿರವೇ ಇದ್ದಾರೆ. ನೀನು ಎದ್ದ ಕೂಡಲೇ ಬಕಾಲಕ್ಕೆ, ಅದೇ ದಿನಸಿ ಅಂಗಡಿಗೆ, ಹೋಗು.

ಹಳೆಯ ಹಾಲಿನ ಪುಡಿಯಿಂದ ಪಾಪುವಿಗೆ ಹೊಟ್ಟೆ ಕಟ್ಟಿ, ಡಾಕ್ಟರು ಬೇರೆ ಪುಡಿ ಹೇಳಿದ್ದು ನಿನಗೆ ಗೊತ್ತುಂಟಲ್ಲ. ಜಮಾಅತಿನವರು ಅದಕ್ಕೆಂದೇ ಕೊಟ್ಟ ಹಾಲಿನ ಕೂಪನ್ ಹಿಡಿದುಕೊಂಡು ಹೋಗಿ ನೀನು "ಲಬನ್" ಕೇಳಿದೆ. ಮದರಸದಲ್ಲಿ ಕಲಿತ ಲಬನ್ ಹಾಲೇ ಮಾರಾಯ, ಆದರೆ ಕುವೈತಿನ ಅಂಗಡಿಯಲ್ಲಿ ಅದು ಮಜ್ಜಿಗೆ! ಕಮಿಟಿಯ ಮೊಯ್ದಿನ್ ಕಾಕ ನಕ್ಕು ನಕ್ಕು ಸುಸ್ತಾಗಿ ಇನ್ನೊಂದು ಕೂಪನ್ ಕೊಟ್ಟಿದ್ದಾರೆ. ಇದೂ ಹೋದರೆ ಮತ್ತೆ ಸಿಗುವುದಿಲ್ಲ.

ಡಾಕ್ಟರು ಕೊಟ್ಟ ಸಣ್ಣ ಡಬ್ಬ ಇವತ್ತಿಗೆ ಖಾಲಿ. ಅದನ್ನೇ ಅಂಗಡಿಯವನಿಗೆ ತೋರಿಸಿ ಅಂಥದ್ದೇ ತಾ. ಬಾಯಿ ಮಾತ್ರ ಬಿಡಬೇಡ.

ಹೊಸ ಪುಡಿ ಪಾಪುವಿಗೆ ಚೆನ್ನಾಗಿ ಹಿಡಿಸಿದೆ, ಕಟ್ಟಿದ್ದ ಹೊಟ್ಟೆ ಸಡಿಲಾಗಿದೆ. ಅದರ ಗುರುತು ನಿನ್ನ ಬಿಳಿ ಅಂಗಿಯ ಮೇಲೆಯೇ ಉಂಟು, ಬಕೆಟಿನಲ್ಲಿ ನೆನೆಸಿಟ್ಟಿದ್ದೇನೆ. ಬೈಯಬೇಡ, ಅವನು ಎಷ್ಟು ದಿನದ ಮೇಲೆ ನಕ್ಕಿದ್ದಾನೆ!

ನಿನ್ನ ಲಬನಿಗೆ ಒಗ್ಗರಣೆ ಹಾಕಿಟ್ಟಿದ್ದೇನೆ, ಅನ್ನಕ್ಕೆ ಕಲಸಿಕೊಂಡು ಉಣ್ಣು. ಇವತ್ತೂ ಅದನ್ನೇ ತಂದರೆ ಪಾಪುವಿನ ಬಾಟಲಿಗೆ ತುಂಬಿಸಿ, ತೊಡೆಯ ಮೇಲೆ ಮಲಗಿಸಿ ನಿನಗೇ ಕುಡಿಸುತ್ತೇನೆ.

ಅಕ್ಕ